ಲಾಯದ ಬಾಗಿಲು ಸದ್ದಿಲ್ಲದೆ ಮುಚ್ಚದಿರಲಿ: ಮೈಸೂರಿನ ಅಶ್ವಾರೋಹಿ ಪೊಲೀಸ್ ದಳದ ಕುರಿತು ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಗೃಹ ಸಚಿವರಿಗೆ, ರಾಜ್ಯದ ಪೊಲೀಸ್ ಮಹಾನಿರ್ದೇಶಕರಿಗೆ ಹಾಗೂ ಮೈಸೂರಿನ ನಾಗರಿಕ ಬಂಧುಗಳಿಗೆ,

ಗೌರವಪೂರ್ವಕ ವಂದನೆಗಳು.

ಪಶುವೈದ್ಯ ಸೇವೆಯಿಂದ ನಿವೃತ್ತನಾಗಿ ಮೈಸೂರಿನಲ್ಲಿ ನೆಲೆಸಿರುವ ನಾನು ವೃತ್ತಿಜೀವನದ ಬಹುಪಾಲನ್ನು ದನ, ಎಮ್ಮೆ, ಕುರಿಗಳ ನಡುವೆ ಕಳೆದವನು. ಕುದುರೆ ನನ್ನ ಕೈಗೆ ಬಂದದ್ದು ಅಪರೂಪ. ಬಂದಾಗಲೆಲ್ಲ, ಇಷ್ಟು ದೊಡ್ಡ ಪ್ರಾಣಿ ಇಷ್ಟು ನಾಜೂಕಾಗಿರುವುದು ಹೇಗೆ ಎಂದು ಬೆರಗಾಗಿದ್ದೇನೆ. ಆ ಬೆರಗಿನ ಜೊತೆಗೆ, ಈ ಊರಿನಲ್ಲಿ ತೆರಿಗೆ ಕಟ್ಟುವ ಒಬ್ಬ ಸಾಮಾನ್ಯನ ಲೆಕ್ಕಾಚಾರವೂ ಈ ಪತ್ರದ ಹಿಂದೆ ಇದೆ. ಕರ್ನಾಟಕ ಸಶಸ್ತ್ರ ಮೀಸಲು ಪೊಲೀಸ್ ಪಡೆಯ ಮೈಸೂರಿನ ಅಶ್ವಾರೋಹಿ ದಳವನ್ನು, ನಮ್ಮೂರಿನವರ ಬಾಯಲ್ಲಿ ಹೇಳುವುದಾದರೆ ‘ಮೌಂಟೆಡ್’ ಅನ್ನು, ಪೂರ್ಣ ಬಲದಲ್ಲಿ ಉಳಿಸಿಕೊಳ್ಳಬೇಕು ಮತ್ತು ಅದಕ್ಕೆ ವರ್ಷವಿಡೀ ಕೆಲಸ ಕೊಡಬೇಕು ಎಂದು ಕೇಳಿಕೊಳ್ಳುವುದು ನನ್ನ ಉದ್ದೇಶ.

ದಳವನ್ನು ಮುಚ್ಚುವ ಯಾವುದೇ ಆದೇಶದ ವಿರುದ್ಧ ನಾನು ಬರೆಯುತ್ತಿಲ್ಲ. ಅಂಥ ಆದೇಶ ಹೊರಟ ಮೇಲೆ ಬರೆದರೆ ತಡವಾಗಿರುತ್ತದೆ. ಅಷ್ಟೇ ಅಲ್ಲ, ಇಂಥ ದಳಗಳಲ್ಲಿ ಅನೇಕವು ಆದೇಶಕ್ಕಾಗಿ ಕಾಯುವುದೂ ಇಲ್ಲ. ಮಿತವ್ಯಯದ ಮಾತು ಎದ್ದಾಗಲೆಲ್ಲ ‘ಈ ಕಾಲದಲ್ಲಿ ಪೊಲೀಸರಿಗೆ ಕುದುರೆ ಯಾಕೆ’ ಎಂಬ ಪ್ರಶ್ನೆಯೂ ಜೊತೆಗೇ ಏಳುತ್ತದೆ. ಅದಕ್ಕೆ ಯಾರೂ ನೇರವಾಗಿ ಉತ್ತರ ಕೊಡದೇ ಇದ್ದಾಗ ಉತ್ತರವನ್ನು ಕಾಲವೇ ಕೊಟ್ಟುಬಿಡುತ್ತದೆ. ಮುಪ್ಪಾದ ಕುದುರೆಯ ಜಾಗಕ್ಕೆ ಹೊಸ ಕುದುರೆ ಬರುವುದಿಲ್ಲ. ನಿವೃತ್ತರಾದ ಸವಾರರ ಹುದ್ದೆ ‘ಮುಂದೆ ನೋಡೋಣ’ ಎಂಬ ಟಿಪ್ಪಣಿಯೊಂದಿಗೆ ಕಡತದಲ್ಲಿ ಮಲಗುತ್ತದೆ. ಲಾಳ ಕಟ್ಟುವವರು ಒಬ್ಬರೇ ಉಳಿಯುತ್ತಾರೆ, ಆಮೇಲೆ ಅವರೂ ಇರುವುದಿಲ್ಲ. ಕೊನೆಗೊಂದು ದಿನ ‘ಇಷ್ಟೇ ಕುದುರೆಗಳಿಗಾಗಿ ಇಷ್ಟು ದೊಡ್ಡ ವ್ಯವಸ್ಥೆ ಬೇಕೇ’ ಎಂದು ಲೆಕ್ಕಪತ್ರ ವಿಭಾಗದವರು ಕೇಳಿದಾಗ, ಆ ಹೊತ್ತಿಗೆ ಆ ಪ್ರಶ್ನೆ ನ್ಯಾಯವಾಗಿಯೇ ಇರುತ್ತದೆ.

ಮೈಸೂರಿನವರಿಗೆ ಇದು ಹೊಸ ಕಥೆಯಲ್ಲ, ನಮ್ಮ ಟಾಂಗಾಗಳು ಹೋದದ್ದೂ ಹೀಗೆಯೇ. ಟಾಂಗಾ ಓಡಿಸಬಾರದೆಂದು ಯಾವ ಸರ್ಕಾರವೂ ಈ ಊರಿನಲ್ಲಿ ಹೇಳಲಿಲ್ಲ. ಬದಲಿಗೆ ಪಾರಂಪರಿಕ ನಗರದ ಗುರುತೆಂದು ಅವುಗಳನ್ನು ಹೊಗಳಿದವರೇ ಹೆಚ್ಚು. ಆದರೂ ನಿಲ್ದಾಣಗಳಲ್ಲಿ ಟಾಂಗಾಗಳು ಒಂದೊಂದಾಗಿ ಕಡಿಮೆಯಾದವು. ಮಗ ಆಟೋ ಹಿಡಿದ, ಮೇವಿನ ಬೆಲೆ ಏರಿತು, ಲಾಳ ಕಟ್ಟುವ ನಾಲಬಂದರು ಸಿಗದಾದರು. ‘ಷಾ ಪಸಂದ್’ ಎಂದು ನಾವು ಕರೆಯುತ್ತಿದ್ದ ಆ ಅಗಲವಾದ ಚೆಂದದ ಗಾಡಿ ಇಂದಿನ ಮಕ್ಕಳಿಗೆ ಅರಮನೆಯ ಮುಂದಿನ ಒಂದು ಸುತ್ತಿನ ಸವಾರಿ ಮಾತ್ರ. ಸರ್ಕಾರಿ ಲಾಯಕ್ಕೂ ಇದೇ ಗತಿ ಬರಬಾರದೆಂಬುದು ನನ್ನ ಕಾಳಜಿ, ಏಕೆಂದರೆ ಟಾಂಗಾವಾಲರ ಮನೆಗಳಲ್ಲಿ ಉಳಿಯದ ಅಶ್ವವಿದ್ಯೆ ಇಂದು ಈ ಊರಿನಲ್ಲಿ ಉಳಿದಿರುವ ಕೆಲವೇ ಜಾಗಗಳಲ್ಲಿ ಈ ದಳವೂ ಒಂದು.

ಹೊರಗಿನ ಉದಾಹರಣೆಗಳನ್ನು ನೋಡಿದರೂ ಇದು ಸ್ಪಷ್ಟವಾಗುತ್ತದೆ. ಅಮೆರಿಕದ ಬಾಸ್ಟನ್ ನಗರವು ಒಂದು ಶತಮಾನಕ್ಕೂ ಹೆಚ್ಚು ಹಳೆಯದಾದ ತನ್ನ ಕುದುರೆ ಪೊಲೀಸ್ ದಳವನ್ನು 2009ರಲ್ಲಿ ಆಯವ್ಯಯದ ಕೊರತೆಯ ಕಾರಣಕ್ಕೆ ಮುಚ್ಚಿತು; ಅದೇ ಕಾರಣಕ್ಕೆ ಪೋರ್ಟ್‌ಲ್ಯಾಂಡ್ ನಗರದ ದಳ 2017ರಲ್ಲಿ ಕೊನೆಗೊಂಡಿತು. ಫಿಲಡೆಲ್ಫಿಯಾದ ಕಥೆ ಇನ್ನೂ ಬೋಧಪ್ರದವಾದುದು. 2004ರಲ್ಲಿ ಹಣ ಉಳಿಸಲು ದಳವನ್ನು ವಿಸರ್ಜಿಸಿದ ಆ ನಗರ, ಏಳು ವರ್ಷಗಳ ನಂತರ 2011ರಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು. ನಮ್ಮದೇ ದೇಶದ ಮುಂಬಯಿಯಲ್ಲಿ ಮೋಟಾರು ವಾಹನಗಳು ಹೆಚ್ಚಿದವೆಂದು 1932ರಲ್ಲಿ ಕೈಬಿಟ್ಟ ಅಶ್ವಾರೋಹಿ ಪೊಲೀಸರನ್ನು 88 ವರ್ಷಗಳ ಮೇಲೆ, 2020ರ ಜನವರಿಯಲ್ಲಿ, ಮತ್ತೆ ರಸ್ತೆಗೆ ತರಲಾಯಿತು. ಕಳಚಿಟ್ಟ ಜೀಪನ್ನು ಜೋಡಿಸುವಂತೆ ಕುದುರೆ ದಳವನ್ನು ಜೋಡಿಸಲಾಗುವುದಿಲ್ಲ. ಕುದುರೆಯನ್ನು ಹಣ ಕೊಟ್ಟು ಕೊಳ್ಳಬಹುದು, ಆದರೆ ಆ ಕುದುರೆಯ ಕಿವಿ ಯಾವ ಕಡೆಗೆ ತಿರುಗಿದರೆ ಏನರ್ಥ ಎಂದು ಬಲ್ಲ ದಫೇದಾರರನ್ನು ಯಾವ ಟೆಂಡರಿನಲ್ಲಿ ಕರೆಯುವುದು?

ಈ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದಳದ ಬೆಲೆ ಇರುವುದೇ ಇಲ್ಲಿ. ಕುದುರೆ ಮೂಲತಃ ಬೇಟೆಗೆ ಒಳಗಾಗುವ ಪ್ರಾಣಿ. ಅದರ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿದ್ದು ಬಹುತೇಕ ಸುತ್ತಲೂ ಕಾಣುತ್ತವೆ; ಕಾಣದಿರುವುದು ಹಣೆಯ ನೇರ ಮುಂದಿನ ಸ್ವಲ್ಪ ಜಾಗ ಮತ್ತು ಬಾಲದ ಹಿಂದಿನ ಜಾಗ. ಅಪರಿಚಿತ ಸದ್ದು ಕೇಳಿದರೆ, ಗಾಳಿಗೆ ಪ್ಲಾಸ್ಟಿಕ್ ಚೀಲವೊಂದು ಹಾರಿದರೆ, ಮೊದಲು ಓಡುವುದು ಮತ್ತು ಆಮೇಲೆ ಯೋಚಿಸುವುದು ಅದರ ಹುಟ್ಟುಗುಣ. ಇಂಥ ಪ್ರಾಣಿಯನ್ನು ನಗಾರಿ, ಬ್ಯಾಂಡು, ಧ್ವನಿವರ್ಧಕ, ಸೀಟಿ, ಬೆಂಕಿಯ ಪಂಜು, ಲಕ್ಷಾಂತರ ಜನರ ಕೇಕೆ ಇವೆಲ್ಲದರ ನಡುವೆ ನಿಂತ ಜಾಗದಿಂದ ಕದಲದಂತೆ ಮಾಡುವುದು ಲಗಾಮಿನ ಬಲದಿಂದ ಆಗುವ ಕೆಲಸವಲ್ಲ. ಅದು ತಿಂಗಳುಗಟ್ಟಲೆ ನಡೆಯಬೇಕಾದ ಕೆಲಸ. ಮೊದಲು ಸದ್ದನ್ನು ದೂರದಿಂದ ಕೇಳಿಸಬೇಕು, ದಿನಕ್ಕಿಷ್ಟು ಹತ್ತಿರ ತರಬೇಕು, ಹೆದರಿದಾಗ ಹೊಡೆಯದೆ ಕತ್ತು ತಟ್ಟಬೇಕು, ಪಕ್ಕದಲ್ಲಿ ಅನುಭವಿ ಕುದುರೆಯೊಂದನ್ನು ನಿಲ್ಲಿಸಬೇಕು. ಮರಿ ಕುದುರೆಗೆ ಧೈರ್ಯ ಕಲಿಸುವುದು ಮನುಷ್ಯನಿಗಿಂತ ಹೆಚ್ಚಾಗಿ ಪಕ್ಕದಲ್ಲಿ ನಿಂತ ಹಳೆಯ ಕುದುರೆ. ಹಳೆಯ ಕುದುರೆಗಳೆಲ್ಲ ಹೋದ ಮೇಲೆ ಹೊಸದಾಗಿ ದಳ ಕಟ್ಟುವುದು ಏಕೆ ಕಷ್ಟವೆಂಬುದು ಇದರಿಂದಲೇ ತಿಳಿಯುತ್ತದೆ.

ದಸರೆಗೆ ಮೊದಲು ಅರಮನೆಯ ಆಸುಪಾಸಿನಲ್ಲಿ ನಡೆಯುವ ಕುಶಾಲತೋಪಿನ ತಾಲೀಮನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಫಿರಂಗಿ ಸಿಡಿದಾಗ ಆನೆಗಳು ಕಿವಿ ಬೀಸುವುದನ್ನೂ ಮಾವುತರು ಕಾಲಿನಿಂದ ಸಮಾಧಾನ ಹೇಳುವುದನ್ನೂ ಪತ್ರಿಕೆಯವರು ಚಿತ್ರ ತೆಗೆಯುತ್ತಾರೆ, ಅದು ಸರಿಯೇ. ಆದರೆ ಆನೆಗಳ ಆಚೆ ಸಾಲಾಗಿ ನಿಂತ ಕುದುರೆಗಳ ಕಡೆಗೂ ಒಮ್ಮೆ ನೋಡಿ. ಮೊದಲ ತೋಪಿಗೆ ಸಾಲು ಅಲುಗುತ್ತದೆ, ಒಂದೆರಡು ಕುದುರೆಗಳು ಹಿಂದಕ್ಕೆ ಸರಿಯುತ್ತವೆ, ಸವಾರರು ಬೆನ್ನು ನೆಟ್ಟಗೆ ಮಾಡಿ ಲಗಾಮನ್ನು ಸಡಿಲ ಬಿಡುತ್ತಾರೆ. ತೋಪುಗಳು ಮುಂದುವರಿದಂತೆ ಆ ಅಲುಗಾಟ ಕಡಿಮೆಯಾಗುತ್ತದೆ. ಜಂಬೂಸವಾರಿಯ ದಿನ ಚಿನ್ನದ ಅಂಬಾರಿಯಲ್ಲಿರುವ ತಾಯಿ ಚಾಮುಂಡೇಶ್ವರಿಗೆ ಪುಷ್ಪಾರ್ಚನೆಯಾಗಿ, ರಾಷ್ಟ್ರಗೀತೆಯೊಂದಿಗೆ 21 ಕುಶಾಲತೋಪು ಹಾರುವಾಗ ಆ ಸಾಲು ಶಾಂತವಾಗಿ ನಿಂತಿರುತ್ತದಲ್ಲ, ಅದರ ಹಿಂದೆ ಇರುವುದು ಇಷ್ಟೂ ಶ್ರಮ. ಅದೇ ಕುದುರೆಗಳು ಸಯ್ಯಾಜಿರಾವ್ ರಸ್ತೆಯ ಎರಡೂ ಬದಿಯ ಜನಸಾಗರದ ನಡುವೆ ಸಾಗಿ, ಸುಮಾರು ಐದು ಕಿಲೋಮೀಟರ್ ದಾರಿಯ ಕೊನೆಯಲ್ಲಿರುವ ಬನ್ನಿಮಂಟಪದಲ್ಲಿ, ರಾತ್ರಿಯ ಪಂಜಿನ ಕವಾಯತಿನ ದೀಪ ಮತ್ತು ಗದ್ದಲದ ನಡುವೆ ನಾಗಾಲೋಟದಲ್ಲಿ ಟೆಂಟ್ ಪೆಗ್ಗಿಂಗ್ (ನೆಲಕ್ಕೆ ನೆಟ್ಟ ಗೂಟವನ್ನು ಸವಾರರು ಭರ್ಜಿಯಿಂದ ಎತ್ತುವ ಆಟ) ಮಾಡಿ ತೋರಿಸುತ್ತವೆ.

ಇಷ್ಟನ್ನು ಹೇಳಿದ ಮೇಲೆ ನನ್ನ ಮುಖ್ಯ ಆಕ್ಷೇಪವನ್ನೂ ಹೇಳಲೇಬೇಕು. ಇಂಥ ತರಬೇತಿ ಪಡೆದ ದಳವನ್ನು ನಾವು ದಸರೆಯ ಅಲಂಕಾರವೆಂದೇ ಬಗೆದಿದ್ದೇವೆ. ಅಲಂಕಾರದ ವಸ್ತುವಿಗೆ ಕಷ್ಟಕಾಲದಲ್ಲಿ ಮೊದಲು ಕತ್ತರಿ ಬೀಳುವುದು ಸಹಜ, ಹೀಗಾಗಿ ದಳವನ್ನು ಅಪಾಯಕ್ಕೆ ಒಡ್ಡಿರುವುದು ಅದರ ವಿರೋಧಿಗಳಲ್ಲ, ಚಪ್ಪಾಳೆ ತಟ್ಟಿ ಮರೆತುಬಿಡುವ ನಾವೇ.

ಕುದುರೆಯ ಮೇಲಿನ ಪೊಲೀಸರಿಂದ ಊರಿಗೆ ಏನು ಉಪಯೋಗ ಎಂಬ ಪ್ರಶ್ನೆಗೆ ಭಾವುಕತೆಯಿಂದ ಉತ್ತರಿಸಬೇಕಾಗಿಲ್ಲ. ಬ್ರಿಟನ್ನಿನಲ್ಲಿ 2010ರ ನಂತರದ ಖರ್ಚು ಕಡಿತದ ಕಾಲದಲ್ಲಿ ಹಲವು ಜಿಲ್ಲೆಗಳ ಪೊಲೀಸರು ತಮ್ಮ ಕುದುರೆ ದಳಗಳನ್ನು ಮುಚ್ಚಿದಾಗ, ನಿಜಕ್ಕೂ ಈ ದಳಗಳ ಮೌಲ್ಯವೇನೆಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ರ್‍ಯಾಂಡ್ ಯುರೋಪ್ ಸಂಶೋಧನಾ ಸಂಸ್ಥೆಯವರು ಜೊತೆಯಾಗಿ ಅಧ್ಯಯನ ನಡೆಸಿ 2014ರಲ್ಲಿ ವರದಿ ಕೊಟ್ಟರು. ಒಂದೇ ಅವಧಿಯಲ್ಲಿ ನಡೆದುಕೊಂಡು ಗಸ್ತು ತಿರುಗುವ ಪೊಲೀಸರಿಗಿಂತ ಕುದುರೆಯ ಮೇಲಿನ ಪೊಲೀಸರ ಬಳಿಗೆ ಸುಮಾರು ಆರು ಪಟ್ಟು ಹೆಚ್ಚು ಬಾರಿ ಜನರು ತಾವಾಗಿಯೇ ಬಂದು ಮಾತನಾಡಿದ್ದು ಅದರಲ್ಲಿ ಕಂಡುಬಂತು. ಇದಕ್ಕೆ ಅಧ್ಯಯನವೇ ಬೇಕಿತ್ತೇ ಎಂದು ನೀವು ಕೇಳಬಹುದು. ನಮ್ಮ ಬೀದಿಯ ಯಾವ ಮಗುವನ್ನು ಕೇಳಿದರೂ ಹೇಳುತ್ತಿತ್ತು. ಪೊಲೀಸ್ ವ್ಯಾನು ನಿಂತರೆ ತಾಯಂದಿರು ಮಕ್ಕಳನ್ನು ಒಳಗೆ ಕರೆಯುತ್ತಾರೆ. ಪೊಲೀಸ್ ಕುದುರೆ ನಿಂತರೆ ಅದೇ ತಾಯಂದಿರು ಮಗುವನ್ನು ಎತ್ತಿಕೊಂಡು ಹೊರಗೆ ಬರುತ್ತಾರೆ. ಠಾಣೆಯ ಮೆಟ್ಟಿಲು ಹತ್ತಲು ಅಂಜುವ ಹೆಂಗಸೊಬ್ಬರು ಕುದುರೆಯ ಹೆಸರು ಕೇಳುವ ನೆಪದಲ್ಲಿ ಸವಾರರ ಬಳಿ ಬೀದಿ ದೀಪದ ಬಗ್ಗೆಯೋ, ಸಂಜೆ ಗುಂಪು ಸೇರುವ ಪುಂಡರ ಬಗ್ಗೆಯೋ ಎರಡು ಮಾತು ಹೇಳಿದರೆ ಅದಕ್ಕಿಂತ ಅಗ್ಗದ ಮಾಹಿತಿ ಪೊಲೀಸ್ ಇಲಾಖೆಗೆ ಎಲ್ಲಿ ಸಿಗುತ್ತದೆ?

ಇನ್ನೊಂದು ಉಪಯೋಗ ಜನಸಂದಣಿಯಲ್ಲಿ. ಕುದುರೆಯ ಮೇಲೆ ಕುಳಿತವರ ಕಣ್ಣು ನೆಲದಿಂದ ಎಂಟು ಅಡಿ ಎತ್ತರದ ಆಸುಪಾಸಿನಲ್ಲಿ ಇರುತ್ತದೆ. ಅವರಿಗೆ ಗುಂಪಿನ ತಲೆಗಳ ಮೇಲಿಂದ ಹಿಂದಿನವರೆಗೆ ಕಾಣುತ್ತದೆ, ಅಷ್ಟೇ ಮುಖ್ಯವಾಗಿ ಹಿಂದಿದ್ದವರಿಗೂ ಅವರು ಕಾಣುತ್ತಾರೆ. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 1923ರ ಏಪ್ರಿಲ್ 28ರಂದು ನಡೆದ ಫುಟ್‌ಬಾಲ್ ಅಂತಿಮ ಪಂದ್ಯಕ್ಕೆ, ಕ್ರೀಡಾಂಗಣ ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು ಜನ ನುಗ್ಗಿ ಮೈದಾನವೆಲ್ಲ ತುಂಬಿಹೋದಾಗ, ಜಾರ್ಜ್ ಸ್ಕೋರಿ ಎಂಬ ಪೊಲೀಸರು ಬಿಲ್ಲಿ ಎಂಬ ಕುದುರೆಯ ಮೇಲೆ ಕುಳಿತು ನಿಧಾನವಾಗಿ, ಯಾರನ್ನೂ ತುಳಿಯದೆ, ಜನರನ್ನು ಅಂಚಿಗೆ ಸರಿಸಿದ್ದನ್ನು ಇಂದಿಗೂ ನೆನೆಯುತ್ತಾರೆ. ಅಲ್ಲಿ ಬೇರೆ ಕುದುರೆಗಳೂ ಇದ್ದವು. ಬಿಲ್ಲಿ ನಿಜಕ್ಕೆ ಬೂದು ಬಣ್ಣದ್ದಂತೆ. ಅಂದಿನ ಕಪ್ಪು ಬಿಳುಪಿನ ಸುದ್ದಿಚಿತ್ರದಲ್ಲಿ ಅಚ್ಚ ಬಿಳಿಯಾಗಿ ಕಂಡು ಎಲ್ಲರ ಕಣ್ಣು ಅದರ ಮೇಲೆಯೇ ನಿಂತಿತು. ಪಂದ್ಯ ಮುಕ್ಕಾಲು ಗಂಟೆ ತಡವಾಗಿಯಾದರೂ ನಡೆಯಿತು. ಆ ಊರಿನವರು ಮುಂದೆ ಕ್ರೀಡಾಂಗಣದ ಬಳಿಯ ಒಂದು ಕಾಲುಸೇತುವೆಗೆ ಬಿಳಿ ಕುದುರೆಯ ಹೆಸರನ್ನೇ ಇಟ್ಟರು.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಕ್ಕು ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಕುದುರೆಗಳಿದ್ದಿದ್ದರೆ ಆ ಜೀವಗಳು ಉಳಿಯುತ್ತಿದ್ದವು ಎಂದು ಹೇಳುವಷ್ಟು ಹಗುರವಾಗಿ ನಾನು ಆ ದುಃಖವನ್ನು ಬಳಸಿಕೊಳ್ಳಲಾರೆ. ಅಂಥ ದುರಂತಗಳಿಗೆ ಕಾರಣಗಳು ಹಿಂದಿನ ದಿನದ ನಿರ್ಧಾರಗಳಲ್ಲಿ, ಬಾಗಿಲುಗಳ ವ್ಯವಸ್ಥೆಯಲ್ಲಿ, ಜನರಿಗೆ ಕೊಟ್ಟ ಸೂಚನೆಗಳಲ್ಲಿ ಇರುತ್ತವೆ. ಗುಂಪು ಒತ್ತೊತ್ತಾಗಿ ಸೇರಿಹೋದ ಮೇಲೆ ಅದರೊಳಗೆ ಕುದುರೆಯನ್ನು ಬಿಡುವುದು ಅಪಾಯಕ್ಕೆ ಅಪಾಯ ಸೇರಿಸಿದಂತೆಯೇ. ಆದರೆ ಗುಂಪು ಕಟ್ಟುತ್ತಿರುವ ಹಂತದಲ್ಲಿ, ಹೊರವಲಯದಲ್ಲಿ, ಜನರ ಹರಿವನ್ನು ಬೇರೆ ದಾರಿಗೆ ತಿರುಗಿಸುವಾಗ ಎತ್ತರದಲ್ಲಿ ಕುಳಿತ ಅನುಭವಿ ಸವಾರರ ಕಣ್ಣಿಗೆ ಬೆಲೆಯಿದೆ. ಆ ದುರಂತದ ನಂತರ ಜನಸಂದಣಿ ನಿಯಂತ್ರಣಕ್ಕೆಂದೇ ಸರ್ಕಾರ ಮಸೂದೆಯನ್ನು ವಿಧಾನಸಭೆಗೆ ತಂದಿತು. ಕಾನೂನು ರೂಪಿಸುವ ಅದೇ ಸರ್ಕಾರ, ಜನಸಂದಣಿಯಲ್ಲಿ ನಿಲ್ಲಲೆಂದು ತರಬೇತಾದ ತನ್ನದೇ ದಳವನ್ನು ಮರೆತರೆ ವಿಚಿತ್ರವಾಗುತ್ತದೆ.

ಮೈಸೂರಿನಲ್ಲಿ ಇಂಥ ಕೆಲಸಕ್ಕೆ ಕೊರತೆಯೇ ಇಲ್ಲ. ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಹೋಗುವ ಭಕ್ತರು ಲಲಿತಮಹಲ್ ಹೆಲಿಪ್ಯಾಡ್ ಬಯಲಿನಲ್ಲಿ ಬಸ್ಸಿಗಾಗಿ ನಸುಕಿನಿಂದಲೇ ಸಾಲುಗಟ್ಟುತ್ತಾರೆ. ಅಂಥ ತೆರೆದ ಬಯಲಿನಲ್ಲಿ ನಾಲ್ಕು ಕುದುರೆಗಳು ಮಾಡುವ ಕೆಲಸವನ್ನು ಬ್ಯಾರಿಕೇಡುಗಳು ಮಾಡಲಾರವು. ವಸ್ತುಪ್ರದರ್ಶನದ ಮೈದಾನ, ಕುಕ್ಕರಹಳ್ಳಿ ಕೆರೆಯ ಸುತ್ತಲಿನ ಪ್ರದೇಶ, ಭಾನುವಾರ ಸಂಜೆ ದೀಪ ಹೊತ್ತಿಸಿದಾಗ ಅರಮನೆಯ ಮುಂದೆ ಸೇರುವ ಜನ, ದಸರೆಯ ಹತ್ತು ದಿನ ದೀಪಾಲಂಕಾರ ನೋಡಲು ರಾತ್ರಿಯಿಡೀ ತಿರುಗುವ ಕುಟುಂಬಗಳು, ಇವೆಲ್ಲ ಜೀಪು ನುಗ್ಗಲಾಗದ, ನಡೆದು ತಿರುಗುವ ಪೇದೆಗೆ ದೂರ ಕಾಣದ ಜಾಗಗಳು. ಕೋಲ್ಕತ್ತ ನಗರದ ಅಶ್ವಾರೋಹಿ ಪೊಲೀಸರು 1840ರಿಂದ ಇದ್ದಾರೆ. ಮೈದಾನದ ಹುಲ್ಲುಗಾವಲಿನಲ್ಲಿ ಗಸ್ತು ತಿರುಗುವುದು, ಈಡನ್ ಗಾರ್ಡನ್ಸ್‌ನ ಪಂದ್ಯದ ದಿನ ಜನರನ್ನು ಸಾಲಿಗೆ ತರುವುದು ಅವರ ದೈನಂದಿನ ಕೆಲಸ. ಮೆರವಣಿಗೆ ಅವರಿಗೆ ಉಪಕಸುಬು. ಚೆನ್ನೈಯಲ್ಲಿ ಮರೀನಾ ಕಡಲತೀರದ ಮರಳಿನಲ್ಲಿ ಪೊಲೀಸ್ ಕುದುರೆಗಳು ಓಡಾಡುವುದನ್ನು ಅಲ್ಲಿಗೆ ಹೋದ ಕನ್ನಡಿಗರೆಲ್ಲ ನೋಡಿರುತ್ತಾರೆ. ನಮ್ಮಲ್ಲಿ ಮಾತ್ರ ಮೆರವಣಿಗೆಯೇ ಕಸುಬಾಗಿ ಕುಳಿತಿದೆ.

ಈ ದಳದ ಪರವಾಗಿ ಮಾತನಾಡುವವರು ಸಾಮಾನ್ಯವಾಗಿ ಇತಿಹಾಸದಿಂದ ಆರಂಭಿಸುತ್ತಾರೆ. ನಾನು ಬೇಕೆಂದೇ ಅದನ್ನು ಹಿಂದಕ್ಕೆ ಇಟ್ಟಿದ್ದೇನೆ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ನಗರವನ್ನು ತುರ್ಕರಿಂದ ಬಿಡಿಸಿದ ಕಾಳಗದಲ್ಲಿ ಜೋಧಪುರದ ಲ್ಯಾನ್ಸರುಗಳು (ಭರ್ಜಿ ಹಿಡಿದ ಅಶ್ವಸೈನಿಕರು) ನಗರದ ಮೇಲೆ ನುಗ್ಗಿದರೆ, ಮೈಸೂರು ಲ್ಯಾನ್ಸರುಗಳು ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳನ್ನು ಅಡಗಿಸಲು ಕಡಿದಾದ ಏರನ್ನು ಹತ್ತಿದರು. ಆ ಪಡೆಯ ಕರ್ನಲ್ ದೇಸರಾಜ ಅರಸರ ಹೆಸರು ಮೈಸೂರಿನ ಹಿರಿಯರಿಗೆ ಗೊತ್ತು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂವರು ಸವಾರರಲ್ಲಿ ಒಬ್ಬ ನಮ್ಮವನು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿಯೂ ಅವರ ಸ್ಮಾರಕವಿದೆ. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಅಶ್ವಪಡೆಗಳನ್ನು ಒಗ್ಗೂಡಿಸಿ 1953ರಲ್ಲಿ ಜೈಪುರದಲ್ಲಿ 61ನೇ ಅಶ್ವದಳವನ್ನು ಕಟ್ಟಿದಾಗ ಮೈಸೂರು ಲ್ಯಾನ್ಸರುಗಳೂ ಅದರಲ್ಲಿ ಸೇರಿದರು. 2020ರಲ್ಲಿ ಆ ದಳವನ್ನೂ ಟ್ಯಾಂಕ್ ಪಡೆಯಾಗಿ ಪರಿವರ್ತಿಸುವ ಸುದ್ದಿ ಬಂದಾಗ ದೇಶದಾದ್ಯಂತ ಚರ್ಚೆಯಾಯಿತು. ಇವೆಲ್ಲ ಹೆಮ್ಮೆಯ ವಿಷಯಗಳೇ. ಆದರೆ ಹೈಫಾದಲ್ಲಿ ಯಾರೋ ಏರಿದ ಬೆಟ್ಟದ ಹೆಸರಿನಲ್ಲಿ ಇಂದಿನ ತೆರಿಗೆದಾರರಿಂದ ಹಣ ಕೇಳುವುದು ನನಗೆ ಸರಿ ಕಾಣುವುದಿಲ್ಲ. ದಳ ಇಂದು ಕೆಲಸಕ್ಕೆ ಬರುತ್ತದೆ ಎಂಬ ಕಾರಣಕ್ಕೆ ಉಳಿಯಲಿ, ಇತಿಹಾಸ ಅದಕ್ಕೆ ಮೆರುಗು ಕೊಡಲಿ.

ಹಣದ ಮಾತಿಗೆ ಬರುತ್ತೇನೆ. ಕುದುರೆ ಸಾಕುವುದು ಅಗ್ಗವೆಂದು ಪಶುವೈದ್ಯನಾದ ನಾನು ಹೇಳಿದರೆ ಸುಳ್ಳಾಗುತ್ತದೆ. ಅದಕ್ಕೆ ಒಳ್ಳೆಯ ಒಣಹುಲ್ಲು, ಹಸಿಮೇವು, ಹುರುಳಿ, ಓಟ್ಸ್, ಬೂಸಾ ಬೇಕು. ದಿನಕ್ಕೆ ಮೂವತ್ತು ನಲವತ್ತು ಲೀಟರ್ ಶುದ್ಧ ನೀರು ಬೇಕು. ಐದಾರು ವಾರಕ್ಕೊಮ್ಮೆ ಗೊರಸು ಕೆತ್ತಿ ಲಾಳ ಬದಲಿಸಬೇಕು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೀಗಾಗಿ ಬೂಷ್ಟು ಹಿಡಿದ ಮೇವು ಒಂದು ಹೊತ್ತು ಹೊಟ್ಟೆಗೆ ಹೋದರೂ ಶೂಲೆ ಬಂದು ಜೀವಕ್ಕೆ ಕುತ್ತಾಗಬಹುದು. ಆದ್ದರಿಂದ ಮೇವಿನ ಟೆಂಡರಿನಲ್ಲಿ ಅತಿ ಕಡಿಮೆ ಬೆಲೆಯವರನ್ನೇ ಆರಿಸುವ ಮಾಮೂಲಿ ನಿಯಮ ಇಲ್ಲಿ ಉಳಿತಾಯ ತರುವುದಿಲ್ಲ. ಇದಕ್ಕೂ ಮುಖ್ಯವಾದ ಮಾತೊಂದಿದೆ. ಲಾಯ, ತಾಲೀಮಿನ ಮೈದಾನ, ಪಶುವೈದ್ಯರು, ಲಾಳದವರು, ಕುದುರೆ ನೋಡಿಕೊಳ್ಳುವ ಸೈಸರ ಮೇಲ್ವಿಚಾರಣೆ ಇವುಗಳ ಖರ್ಚು ಕುದುರೆಗಳು ಹತ್ತಿರಲಿ ಮೂವತ್ತಿರಲಿ ಹೆಚ್ಚುಕಡಿಮೆ ಒಂದೇ. ಕುದುರೆಗಳನ್ನು ಅರ್ಧಕ್ಕೆ ಇಳಿಸಿದರೆ ಖರ್ಚು ಅರ್ಧವಾಗುವುದಿಲ್ಲ. ತಲೆಗೊಂದರ ಖರ್ಚು ಮಾತ್ರ ಏರುತ್ತದೆ, ಮುಂದಿನ ವರ್ಷ ಆ ಏರಿದ ಅಂಕಿಯನ್ನೇ ತೋರಿಸಿ ಇನ್ನಷ್ಟು ಕಡಿತ ಸೂಚಿಸಲಾಗುತ್ತದೆ. ಈ ಇಳಿಜಾರಿಗೆ ಕಾಲಿಡಬಾರದು ಎಂಬುದೇ ನನ್ನ ಬಿನ್ನಹ.

ಕುದುರೆಗಳನ್ನು ಒದಗಿಸುವುದು ಕರ್ನಾಟಕಕ್ಕೆ ಬೇರೆ ರಾಜ್ಯಗಳಷ್ಟು ಕಷ್ಟವೂ ಅಲ್ಲ. ಬೆಂಗಳೂರು, ಮೈಸೂರು ಎರಡೂ ಕಡೆ ರೇಸ್ ಕೋರ್ಸ್ ಇದೆ. ಹೈದರ್, ಟಿಪ್ಪು ಕಾಲದಿಂದ ದಂಡಿನ ಕುದುರೆಗಳಿಗೆ ಹೆಸರಾದ ಕುಣಿಗಲ್ ಕುದುರೆ ಫಾರಂ ನಮ್ಮಲ್ಲಿಯೇ ಇದೆ, ಅದರ ಜಾಗದಲ್ಲಿ ಉಪನಗರ ಕಟ್ಟುವ ಪ್ರಸ್ತಾಪ ಬಂದು ಎಷ್ಟು ಚರ್ಚೆಯಾಯಿತೆಂಬುದು ತಮಗೆ ತಿಳಿದೇ ಇದೆ. ಓಟ ನಿಲ್ಲಿಸಿದ ರೇಸ್ ಕುದುರೆಗಳಲ್ಲಿ ಸ್ವಭಾವದಿಂದ ಶಾಂತವಾದವುಗಳನ್ನು ಆರಿಸಿ ಪಳಗಿಸಬಹುದು. ಆದರೆ ಆರಿಸುವುದು ಮುಖ್ಯ. ಓಟಕ್ಕೆಂದೇ ಬೆಳೆಸುವ ಥರೋಬ್ರೆಡ್ ತಳಿಯ ರಕ್ತವೇ ಬಿಸಿ, ದಾನವಾಗಿ ಬಂತೆಂದು ಬಂದುದನ್ನೆಲ್ಲ ಲಾಯಕ್ಕೆ ಸೇರಿಸಿಕೊಂಡರೆ ಸವಾರರ ಮೂಳೆ ಮುರಿಯುತ್ತದೆ. ಬಿಸಿಲು ತಾಳುವ ನಮ್ಮ ದೇಶಿ ತಳಿಗಳ ಬಗ್ಗೆಯೂ ಯೋಚಿಸಬಹುದು. ಗುಜರಾತಿನ ಪೊಲೀಸರು ಕಾಠಿಯಾವಾಡಿ ಕುದುರೆಗಳನ್ನು ಬಳಸುತ್ತಾರೆ. ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ತಜ್ಞರನ್ನು ಒಮ್ಮೆ ಕರೆಸಿ ಸಲಹೆ ಪಡೆದರೆ ನಷ್ಟವೇನಿಲ್ಲ.

ಪ್ರಾಣಿಪ್ರಿಯರ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ, ಏಕೆಂದರೆ ಅದರ ಒಂದು ಭಾಗ ನನ್ನದೂ ಹೌದು. 2016ರ ಮಾರ್ಚ್‌ನಲ್ಲಿ ಡೆಹ್ರಾಡೂನ್‌ನಲ್ಲಿ ನಡೆದ ರಾಜಕೀಯ ಪ್ರತಿಭಟನೆಯ ವೇಳೆ ಉತ್ತರಾಖಂಡ ಪೊಲೀಸರ ಶಕ್ತಿಮಾನ್ ಎಂಬ ಕುದುರೆಯ ಹಿಂಗಾಲು ಮುರಿಯಿತು. ಕಾಲು ಕತ್ತರಿಸಿ ಕೃತಕ ಕಾಲು ಜೋಡಿಸಿದರೂ ಏಪ್ರಿಲ್ 20ರಂದು ಅದು ಸತ್ತಿತು. ನಾಲ್ಕುನೂರೈವತ್ತು ಐನೂರು ಕಿಲೋ ತೂಕದ ಪ್ರಾಣಿ ಮೂರು ಕಾಲಿನ ಮೇಲೆ ಬದುಕುವುದು ಎಷ್ಟು ಕಷ್ಟವೆಂದು ಬಲ್ಲ ನಮಗೆ ಆ ಐದು ವಾರಗಳ ಸುದ್ದಿ ಓದುವುದೇ ಯಾತನೆಯಾಗಿತ್ತು. ಸಿಟ್ಟಿಗೆದ್ದ ಜನರ ಎದುರು ಕುದುರೆಯನ್ನು ಗೋಡೆಯಂತೆ ನಿಲ್ಲಿಸುವುದು ಕುದುರೆಗೂ ಅನ್ಯಾಯ, ತಮ್ಮ ಹಕ್ಕನ್ನು ಕೇಳಲು ಬಂದ ಜನರಿಗೂ ಅನ್ಯಾಯ. ರೈತರೋ ವಿದ್ಯಾರ್ಥಿಗಳೋ ಕಾರ್ಮಿಕರೋ ನಡೆಸುವ ಪ್ರತಿಭಟನೆಯನ್ನು ಚದುರಿಸಲು ಅಶ್ವಾರೋಹಿ ದಳವನ್ನು ಬಳಸುವುದಿಲ್ಲ ಎಂದು ಇಲಾಖೆ ಲಿಖಿತ ನಿಯಮ ಮಾಡಲಿ. ಹಾಗೆ ಮಾಡಿದರೆ ದಳದ ಮೇಲಿನ ಜನರ ಪ್ರೀತಿ ಹೆಚ್ಚುತ್ತದೆ, ಈ ಪ್ರೀತಿಯೇ ಅದರ ದೊಡ್ಡ ಬಂಡವಾಳ.

ಹಾಗಾದರೆ ಏನು ಆಗಬೇಕು? ಮೊದಲನೆಯದಾಗಿ, ದಳದಲ್ಲಿ ಇಷ್ಟು ಕುದುರೆ, ಇಷ್ಟು ಸವಾರರು, ಇಷ್ಟು ಸೈಸರು ಮತ್ತು ಲಾಳದವರು ಸದಾ ಇರಬೇಕೆಂಬ ಕನಿಷ್ಠ ಬಲವನ್ನು ಸರ್ಕಾರಿ ಆದೇಶದಲ್ಲಿಯೇ ನಿಗದಿಪಡಿಸಿ, ಕುದುರೆಯೊಂದು ನಿವೃತ್ತಿಯ ವಯಸ್ಸಿಗೆ ಬರುವ ಎರಡು ವರ್ಷ ಮೊದಲೇ ಅದರ ಉತ್ತರಾಧಿಕಾರಿಯನ್ನು ಲಾಯಕ್ಕೆ ತರುವ ಪದ್ಧತಿ ಮಾಡಬೇಕು. ಹಳೆಯದು ಹೊಸದಕ್ಕೆ ಕಲಿಸಲು ಆ ಎರಡು ವರ್ಷ ಬೇಕು. ದಳವನ್ನು ವರ್ಷವಿಡೀ ನಗರದ ಗಸ್ತಿಗೆ, ಮುಖ್ಯವಾಗಿ ಬೆಳಗು ಮತ್ತು ಸಂಜೆಯ ತಂಪು ಹೊತ್ತಿನಲ್ಲಿ, ನಗರ ಪೊಲೀಸ್ ಆಯುಕ್ತರ ಕೈಕೆಳಗಿನ ದೈನಂದಿನ ಯೋಜನೆಯಲ್ಲಿ ಸೇರಿಸಬೇಕು. ಕಾದ ಡಾಂಬರಿನ ಮೇಲೆ ನಡು ಮಧ್ಯಾಹ್ನ ಅವುಗಳನ್ನು ನಿಲ್ಲಿಸುವ ಪ್ರಸಂಗ ಬರಕೂಡದು. ಸವಾರರಾಗಿ ಆಯ್ಕೆಯಾದವರನ್ನು, ಅದರಲ್ಲೂ ಈ ಕೆಲಸಕ್ಕೆ ಮುಂದೆ ಬರುವ ಮಹಿಳಾ ಸಿಬ್ಬಂದಿಯನ್ನು, ಎರಡು ವರ್ಷಕ್ಕೇ ಬೇರೆಡೆಗೆ ವರ್ಗ ಮಾಡಬಾರದು. ಕುದುರೆಗೂ ಸವಾರರಿಗೂ ಹೊಂದಾಣಿಕೆಯಾಗುವ ಹೊತ್ತಿಗೆ ವರ್ಗಾವಣೆ ಪತ್ರ ಕೈಗೆ ಬಂದರೆ ತರಬೇತಿಗೆ ಸುರಿದ ಹಣವೆಲ್ಲ ನೀರುಪಾಲು. ಸೇವೆ ಮುಗಿಸಿದ ಕುದುರೆಗಳನ್ನು ಹರಾಜಿನಲ್ಲಿ ಕೂಗದೆ, ಕೊನೆಯವರೆಗೂ ನೋಡಿಕೊಳ್ಳುವ ವ್ಯವಸ್ಥೆಯನ್ನು ಇದೇ ಆದೇಶದಲ್ಲಿ ಸೇರಿಸಬೇಕು. ದಳದ ವಾರ್ಷಿಕ ಖರ್ಚನ್ನೂ ಅದು ಮಾಡಿದ ಕೆಲಸದ ದಿನಗಳನ್ನೂ ಸಾರ್ವಜನಿಕರ ಮುಂದಿಡಬೇಕು ಎಂಬುದು ನನ್ನ ಇನ್ನೊಂದು ಕೋರಿಕೆ; ನಾವು ಚರ್ಚೆ ಮಾಡುವುದಾದರೆ ಅಂಕಿಗಳನ್ನು ಎದುರಿಟ್ಟುಕೊಂಡೇ ಮಾಡೋಣ.

ಮೈಸೂರಿನ ನಾಗರಿಕರಲ್ಲಿಯೂ ಒಂದು ವಿನಂತಿ. ಜಂಬೂಸವಾರಿಯ ದಿನ ರಸ್ತೆ ಬದಿಯ ಕಟ್ಟೆಯ ಮೇಲೆ ನಿಂತು ಕುದುರೆಗಳ ಕಣ್ಣಿಗೆ ಮೊಬೈಲಿನ ದೀಪ ಬಿಡಬೇಡಿ, ಸೀಟಿ ಊದಬೇಡಿ, ಹಿಂದಿನಿಂದ ಬಂದು ಬಾಲ ಮುಟ್ಟಬೇಡಿ. ಮುಂದೆ ಗಸ್ತಿನ ಕುದುರೆಗಳು ನಿಮ್ಮ ಬಡಾವಣೆಗೆ ಬಂದರೆ ಸವಾರರ ಅನುಮತಿ ಕೇಳಿ, ಪಕ್ಕದಿಂದ ಹೋಗಿ ಮಾತನಾಡಿಸಿ. ಮಕ್ಕಳಿಗೆ ಅದರ ಕುತ್ತಿಗೆಯನ್ನು ಮುಟ್ಟಿಸಿ.

ಮಾನ್ಯ ಸಚಿವರೇ, ಮುಂದಿನ ಆಯವ್ಯಯದ ಸಿದ್ಧತೆ ಆರಂಭವಾಗುವ ಮೊದಲು ತಾವು ಒಂದು ಬೆಳಗ್ಗೆ, ಬೆಂಗಾವಲು ಪಡೆಯ ಗದ್ದಲವಿಲ್ಲದೆ, ಈ ದಳದ ಲಾಯಕ್ಕೆ ಬರಬೇಕೆಂದು ಕೋರುತ್ತೇನೆ. ಆರು ಗಂಟೆಯೊಳಗೆ ಬಂದರೆ ಕುದುರೆಗಳ ಮೈ ಉಜ್ಜುವ ಮಾಲೀಸು ನಡೆಯುತ್ತಿರುತ್ತದೆ. ಅಲ್ಲಿರುವ ಅತ್ಯಂತ ಹಳೆಯ ಕುದುರೆ ಯಾವುದು, ಅದರ ಜಾಗಕ್ಕೆ ಯಾವುದನ್ನು ಪಳಗಿಸುತ್ತಿದ್ದೀರಿ ಎಂದು ಅಲ್ಲಿನ ಹಿರಿಯ ಸೈಸರನ್ನು ಕೇಳಿ. ಅವರು ಕೊಡುವ ಉತ್ತರವನ್ನು ಕಡತದಲ್ಲಿ ಬರೆಸಿ, ಅದರ ಮೇಲೆ ತಾವು ಏನು ಕ್ರಮ ಕೈಗೊಂಡಿರಿ ಎಂಬುದನ್ನು ಮೈಸೂರಿನ ಜನರಿಗೆ ತಿಳಿಸಬೇಕಾಗಿ ಪ್ರಾರ್ಥನೆ.

ಇತಿ ತಮ್ಮ ವಿಶ್ವಾಸಿ,

ನಿವೃತ್ತ ಪಶುವೈದ್ಯ, ಮೈಸೂರು